ಸ್ಕೂಬಾ ಡೈವಿಂಗ್ ಸಂದರ್ಭದಲ್ಲಿ ಜಲನಿರೋಧಕ ಕ್ಯಾಮೆರಾ ಕವಚದ ಸುರಕ್ಷಿತ ಬಳಕೆ

ಸಾರ್ವಜನಿಕರ ಮಾಹಿತಿಗಾಗಿ

ಉತ್ತರ ಕನ್ನಡ ಜಿಲ್ಲೆ, ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ಅರಬ್ಬೀ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳ ಹಾಗೂ ವಿವಿಧ ಜಾತಿಯ ಮೀನುಗಳು ಕಂಡುಬರುತ್ತವೆ. ಮಳೆಗಾಲವನ್ನು ಹೊರತುಪಡಿಸಿ ಉಳಿದ ಅವಧಿಯಲ್ಲಿ ಇಲ್ಲಿ ಸ್ಕೂಬಾ ಡೈವಿಂಗ್ ನಡೆಯುತ್ತದೆ. ವಿಜಯಪುರ ಜಿಲ್ಲೆಯ ಹೊನವಾಡ, ತಿಕೋಟಾ, ಬಬಲೇಶ್ವರ ಮುಂತಾದ ಒಳನಾಡಿನ ಭಾಗಗಳಿಂದ ಕ್ಯಾಮೆರಾದೊಂದಿಗೆ ತೆರಳುವವರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

1. ಆಳ ಮತ್ತು ಒತ್ತಡ

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ಚದರ ಸೆಂ.ಮೀ. ಮೇಲೆ ಸುಮಾರು 1 ಕಿ.ಗ್ರಾಂ. ಒತ್ತಡ ಹೆಚ್ಚುತ್ತದೆ. 15 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಕವಚದ ಮುಚ್ಚಳದ ಮೇಲೆ 20 ಮೀಟರ್ ಆಳದಲ್ಲಿ ಬೀಳುವ ಭಾರ ಸುಮಾರು 300 ಕಿ.ಗ್ರಾಂ. ಆದ್ದರಿಂದ ತಯಾರಕರು ನಮೂದಿಸಿರುವ ಆಳದ ಮಿತಿಯನ್ನು ಮೀರತಕ್ಕದ್ದಲ್ಲ. ಮೊಬೈಲ್ ಫೋನುಗಳ ಪ್ಲಾಸ್ಟಿಕ್ ಚೀಲಗಳು ಡೈವಿಂಗ್‌ಗೆ ಯೋಗ್ಯವಲ್ಲ.

2. ನೀರಿಗಿಳಿಯುವ ಮುನ್ನ

ಅ) ಮುಚ್ಚಳದ ಅಂಚಿನಲ್ಲಿರುವ ಓ-ರಿಂಗ್ ಎಂಬ ಉಂಗುರವೇ ನೀರನ್ನು ತಡೆಯುತ್ತದೆ. ಒಂದು ಕೂದಲೆಳೆ ಅಥವಾ ಮರಳಿನ ಕಣವಿದ್ದರೂ ಕವಚ ಸೋರಬಹುದು. ಉಂಗುರದಲ್ಲಿ ಬಿರುಕು ಕಂಡುಬಂದಲ್ಲಿ ಬದಲಾಯಿಸುವುದು.

ಆ) ತಯಾರಕರು ಸೂಚಿಸಿದ ಗ್ರೀಸನ್ನು ಮಾತ್ರ ತೆಳುವಾಗಿ ಲೇಪಿಸುವುದು. ವ್ಯಾಸಲಿನ್ ಬಳಸಬಾರದು.

ಇ) ಕ್ಯಾಮೆರಾ ಇಡದೆ, ಒಳಗೆ ಒಣ ಕಾಗದವನ್ನಿರಿಸಿ ಕವಚವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಪರೀಕ್ಷಿಸುವುದು. ಈ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು.

ಈ) ಸಮುದ್ರದಲ್ಲಿ ಮೊದಲ 1–2 ಮೀಟರ್‌ನಲ್ಲಿ ನಿಂತು ಗುಳ್ಳೆಗಳು ಹೊರಬರುತ್ತಿವೆಯೇ ಎಂದು ನೋಡುವುದು. ಆಳದಲ್ಲಿ ನೀರಿನ ಒತ್ತಡವೇ ಉಂಗುರವನ್ನು ಬಿಗಿಗೊಳಿಸುವುದರಿಂದ ಸೋರಿಕೆಯು ಮೇಲ್ಭಾಗದಲ್ಲಿಯೇ ಪ್ರಾರಂಭವಾಗುವುದು ಸಾಮಾನ್ಯ.

3. ನೀರಿನೊಳಗೆ

ಬಾವಿಯಲ್ಲಿ ಈಜು ಕಲಿತವರು ಉಸಿರು ಬಿಗಿಹಿಡಿದು ಮುಳುಗುವುದು ರೂಢಿ. ಛಾಯಾಚಿತ್ರ ಅಲುಗದಿರಲೆಂದು ಉಸಿರು ಹಿಡಿಯುವವರೂ ಉಂಟು. ಸ್ಕೂಬಾದಲ್ಲಿ ಇವೆರಡೂ ಪ್ರಾಣಾಪಾಯಕಾರಿ. ಸಿಲಿಂಡರ್‌ನ ಗಾಳಿಯನ್ನು 10 ಮೀಟರ್ ಆಳದಲ್ಲಿ ಉಸಿರಾಡಿ, ಅದನ್ನು ಬಿಡದೆ ಮೇಲೆ ಬಂದಲ್ಲಿ ಶ್ವಾಸಕೋಶದಲ್ಲಿನ ಗಾಳಿಯು ಎರಡು ಪಟ್ಟು ಹಿಗ್ಗಿ ಗಾಯವುಂಟುಮಾಡಬಹುದು. ಉಸಿರಾಟವನ್ನು ಎಂದಿಗೂ ನಿಲ್ಲಿಸಬಾರದು.

ಪ್ರಥಮ ಬಾರಿಗೆ ಮುಳುಗುವವರು ಕ್ಯಾಮೆರಾ ಒಯ್ಯದಿರುವುದು ಸೂಕ್ತ. ಉಳಿದವರು ಅದನ್ನು ದಾರದಿಂದ ಉಡುಪಿಗೆ ಬಿಗಿದುಕೊಂಡು, ಗಾಳಿಯ ಮಾಪಕ ಹಾಗೂ ಜೊತೆಗಾರನ ಕಡೆಗೆ ಆಗಾಗ್ಗೆ ಗಮನ ಹರಿಸುವುದು. ಹವಳಗಳಿಗೆ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ರಕ್ಷಣೆ ಇರುವುದರಿಂದ ಅವುಗಳನ್ನು ಹಿಡಿಯುವುದಾಗಲೀ ಮುರಿಯುವುದಾಗಲೀ ಸಲ್ಲದು.

4. ಕವಚದೊಳಗೆ ನೀರು ನುಗ್ಗಿದಲ್ಲಿ

ಕ್ಯಾಮೆರಾ ಉಳಿಸುವ ಆತುರದಲ್ಲಿ ವೇಗವಾಗಿ ಮೇಲೇರಕೂಡದು. ಜೊತೆಗಾರನಿಗೆ ಸಂಜ್ಞೆ ನೀಡಿ, ನಿಮಿಷಕ್ಕೆ 9 ಮೀಟರ್ ಮೀರದಂತೆ ಏರಿ, 5 ಮೀಟರ್ ಆಳದಲ್ಲಿ 3 ನಿಮಿಷ ನಿಂತು ಹೊರಬರುವುದು. ಉಪ್ಪುನೀರು ತಗುಲಿದ ಲಿಥಿಯಂ ಬ್ಯಾಟರಿಯಿಂದ ಅನಿಲ ಹೊರಬಂದು ಕವಚದೊಳಗೆ ಒತ್ತಡ ಉಂಟಾಗಬಹುದು. ಮುಖವನ್ನು ದೂರವಿಟ್ಟು ನಿಧಾನವಾಗಿ ತೆರೆಯುವುದು. ಅಂತಹ ಬ್ಯಾಟರಿಯನ್ನು ಪುನಃ ಚಾರ್ಜ್ ಮಾಡಬಾರದು.

5. ಬಳಕೆಯ ನಂತರ

ಕವಚವನ್ನು ತೆರೆಯದೆ ಸುಮಾರು 30 ನಿಮಿಷ ಸಿಹಿನೀರಿನಲ್ಲಿ ನೆನೆಸಿ, ಗುಂಡಿಗಳನ್ನು ಒತ್ತಿ ಉಪ್ಪಿನಂಶ ತೊಳೆದು, ನೆರಳಿನಲ್ಲಿ ಒಣಗಿಸುವುದು.

6. ಹಿಂದಿರುಗುವವರಿಗೆ ವಿಶೇಷ ಸೂಚನೆ

ವಿಜಯಪುರ ನಗರವು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಂಕೋಲಾದಿಂದ ಯಲ್ಲಾಪುರ, ಹುಬ್ಬಳ್ಳಿ ಮಾರ್ಗವಾಗಿ ಬರುವ ರಾಷ್ಟ್ರೀಯ ಹೆದ್ದಾರಿ 52 ಅರಬೈಲ್ ಘಟ್ಟವನ್ನೇರುತ್ತದೆ. ಡೈವಿಂಗ್ ವೇಳೆ ದೇಹದಲ್ಲಿ ಕರಗಿದ ಸಾರಜನಕವು ಎತ್ತರಕ್ಕೇರಿದಾಗ ಗುಳ್ಳೆಗಳಾಗುವ ಸಂಭವವಿದೆ. ವಿಮಾನ ಪ್ರಯಾಣಕ್ಕೆ ಮುನ್ನ ಒಂದು ಬಾರಿ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದವರು ಕನಿಷ್ಠ 18 ಗಂಟೆ ಕಾಯಬೇಕೆಂಬುದು ಅಂಗೀಕೃತ ಸಲಹೆ. ಘಟ್ಟ ಪ್ರಯಾಣಕ್ಕೂ ಇದನ್ನೇ ಪಾಲಿಸಿ, ಆ ರಾತ್ರಿ ಕರಾವಳಿಯಲ್ಲಿಯೇ ತಂಗುವುದು ಕ್ಷೇಮಕರ. ಕೀಲುನೋವು, ಜೋಮು, ತಲೆಸುತ್ತು ಅಥವಾ ಉಸಿರಾಟದ ತೊಂದರೆ ಕಂಡುಬಂದಲ್ಲಿ ಪ್ರಯಾಣ ನಿಲ್ಲಿಸಿ ವೈದ್ಯರಿಗೆ ಡೈವಿಂಗ್ ಮಾಡಿದ ವಿಷಯವನ್ನು ತಪ್ಪದೆ ತಿಳಿಸುವುದು.

7. ನೋಂದಣಿ ಸಮಯದಲ್ಲಿ

ಗುರುತಿನ ಚೀಟಿಯನ್ನು ಜೊತೆಗಿಟ್ಟುಕೊಳ್ಳುವುದು. ಆರೋಗ್ಯ ಘೋಷಣಾ ನಮೂನೆಯಲ್ಲಿ ಅಸ್ತಮಾ, ಹೃದ್ರೋಗ, ಕಿವಿಯ ತೊಂದರೆ ಮುಂತಾದವುಗಳನ್ನು ಮರೆಮಾಚದೆ ನಮೂದಿಸುವುದು. ಕ್ಯಾಮೆರಾ ಒಯ್ಯುವುದಿದ್ದಲ್ಲಿ ತರಬೇತುದಾರರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.

ತುರ್ತು ದೂರವಾಣಿ: ಆಂಬ್ಯುಲೆನ್ಸ್ – 108, ಭಾರತೀಯ ಕರಾವಳಿ ರಕ್ಷಣಾ ಪಡೆ – 1554.