ಗಾಳಿಯ ವಿಶ್ವವಿದ್ಯಾಲಯ: ಹೋದುದೇನು, ನಿಂತುದೇನು?

ವಿದ್ಯೆಯನ್ನು ಪಾಠಶಾಲೆಯ ಗೋಡೆಗಳ ಆಚೆಗೆ ಒಯ್ಯಬಲ್ಲ ಸಾಧನಗಳು ಕಳೆದ ನೂರೈವತ್ತು ವರ್ಷಗಳಲ್ಲಿ ಒಂದರ ಹಿಂದೊಂದು ಬಂದಿವೆ. ಅಂಚೆ ಬಂದಿತು, ಬಾನುಲಿ ಬಂದಿತು, ದೂರದರ್ಶನ ಬಂದಿತು, ಉಪಗ್ರಹ ಬಂದಿತು. ಗಣಕಯಂತ್ರವೂ ಅಂತರ್ಜಾಲವೂ ಬಂದುವು. ಪ್ರತಿಯೊಂದು ಬಂದಾಗಲೂ, ಇನ್ನು ಉಪಾಧ್ಯಾಯನ ಅವಶ್ಯಕತೆ ಕಡಿಮೆಯಾಯಿತೆಂದು ಹೇಳುವವರು ಹುಟ್ಟಿಕೊಂಡರು. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಒಂದು ವಿಶ್ವವಿದ್ಯಾಲಯದ ಚರಿತ್ರೆಯಿಂದ ಪರೀಕ್ಷಿಸಿ ನೋಡುವುದು ಈ ಲೇಖನದ ಉದ್ದೇಶ. ಅದು ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ. ಗಡಿನಾಡಿನ ಕನ್ನಡ ಉಪಾಧ್ಯಾಯರಾದ ನಮಗೆ ಈ ಚರಿತ್ರೆ ದೂರದ ಸುದ್ದಿಯಲ್ಲವೆಂಬುದು ಮುಂದೆ ತಾನಾಗಿಯೇ ತಿಳಿಯುವುದು.

ದೂರದ ವಿದ್ಯಾರ್ಥಿಗೆ ಪದವಿ ಕೊಡುವ ಯೋಚನೆ ಹೊಸದಲ್ಲ. ಲಂಡನ್ ವಿಶ್ವವಿದ್ಯಾಲಯವು 1858ರಲ್ಲಿಯೇ, ಕಾಲೇಜಿಗೆ ಸೇರದವರೂ ತನ್ನ ಪದವಿ ಪರೀಕ್ಷೆಗೆ ಕುಳಿತುಕೊಳ್ಳಬಹುದೆಂದು ಅನುಮತಿ ಕೊಟ್ಟಿತು. ಆದರೆ ಅದು ಪರೀಕ್ಷೆ ಮಾಡುತ್ತಿತ್ತೇ ಹೊರತು ಅವರಿಗೆ ಪಾಠ ಹೇಳುತ್ತಿರಲಿಲ್ಲ. ಓದುವ ಹೊಣೆಯೆಲ್ಲ ಓದುವವನದೇ. ಹಣವುಳ್ಳವನು ಖಾಸಗಿ ಬೋಧಕನನ್ನು ಹುಡುಕಿಕೊಳ್ಳಬೇಕು. ಇಲ್ಲದವನು ಪುಸ್ತಕದೊಡನೆ ಒಬ್ಬನೇ ಹೆಣಗಬೇಕು.

ಈ ಕೊರತೆಯನ್ನು ಎತ್ತಿ ತೋರಿಸಿದವರಲ್ಲಿ ಸಮಾಜಶಾಸ್ತ್ರಜ್ಞ ಮೈಕೆಲ್ ಯಂಗ್ ಮುಖ್ಯರು. ಮುಕ್ತ ವಿಶ್ವವಿದ್ಯಾಲಯವೊಂದು ಬೇಕೆಂದು ಅವರು 1962ರಲ್ಲಿ ಬರೆದರು. ಮರುವರ್ಷ ಅಂಚೆಯ ಮೂಲಕ ಪಾಠ ಹೇಳುವ ರಾಷ್ಟ್ರೀಯ ವಿಸ್ತರಣ ಕಾಲೇಜನ್ನು ಕೇಂಬ್ರಿಜ್‌ನಲ್ಲಿ ಸ್ಥಾಪಿಸಿದರು. ಅದೇ ವರ್ಷ, 1963ರ ಸೆಪ್ಟೆಂಬರ್ 8ರಂದು, ಲೇಬರ್ ಪಕ್ಷದ ನಾಯಕರಾಗಿದ್ದ ಹೆರಾಲ್ಡ್ ವಿಲ್ಸನ್ ಗ್ಲಾಸ್ಗೋ ನಗರದ ಭಾಷಣದಲ್ಲಿ ‘ಗಾಳಿಯ ವಿಶ್ವವಿದ್ಯಾಲಯ’ದ ಮಾತೆತ್ತಿದರು. ಬಾನುಲಿ, ದೂರದರ್ಶನ, ಅಂಚೆ ಈ ಮೂರನ್ನೂ ಕೂಡಿಸಿ, ಕಾಲೇಜಿನ ಬಾಗಿಲು ಕಾಣದ ದುಡಿಯುವ ಜನಕ್ಕೆ ಉಚ್ಚ ಶಿಕ್ಷಣ ಕೊಡಬೇಕೆಂಬುದು ಅವರ ಕಲ್ಪನೆ. ಮರುವರ್ಷ ಅವರು ಪ್ರಧಾನಮಂತ್ರಿಯಾದರು.

ಕಲ್ಪನೆಗೆ ಕೈಕಾಲು ಕೊಟ್ಟವರು ಜೆನ್ನಿ ಲೀ. ಇವರು ಸ್ಕಾಟ್ಲೆಂಡಿನ ಗಣಿ ಕಾರ್ಮಿಕರೊಬ್ಬರ ಮಗಳು. 24ನೆಯ ವಯಸ್ಸಿನಲ್ಲಿಯೇ ಪಾರ್ಲಿಮೆಂಟಿನ ಸದಸ್ಯೆಯಾದವರು. 1965ರಲ್ಲಿ ಈ ಕೆಲಸ ಅವರ ಪಾಲಿಗೆ ಬಂದಿತು. 1966ರಲ್ಲಿ ಸರ್ಕಾರದ ಶ್ವೇತಪತ್ರ ಹೊರಬಿದ್ದಿತು. ಬಡವರಿಗೆಂದು ಬಡ ಪದವಿ ಕೊಡುವುದು ಅವರಿಗೆ ಸಮ್ಮತವಾಗಿರಲಿಲ್ಲ. ಪ್ರವೇಶಕ್ಕೆ ಹಿಂದಿನ ಪರೀಕ್ಷೆಗಳ ಅರ್ಹತೆ ಬೇಡ, ಆದರೆ ಹೊರಬರುವಾಗ ಪದವಿಯ ತೂಕ ಬೇರೆ ವಿಶ್ವವಿದ್ಯಾಲಯಗಳ ಪದವಿಗಿಂತ ಗುಲಗಂಜಿಯಷ್ಟೂ ಕಡಿಮೆ ಇರಕೂಡದು ಎಂಬುದು ಅವರ ಹಟ. ವಿರೋಧಿಗಳು ಸುಮ್ಮನಿರಲಿಲ್ಲ. ಕನ್ಸರ್ವೇಟಿವ್ ಪಕ್ಷದ ಇಯಾನ್ ಮ್ಯಾಕ್ಲಿಯೋಡ್ ಇದನ್ನು ಹುಚ್ಚು ಮಾತೆಂದು ಜರೆದರು. ಆದರೂ 1969ರಲ್ಲಿ ರಾಜಸನ್ನದು ದೊರೆಯಿತು. ಔಷಧಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವಾಲ್ಟರ್ ಪೆರಿ ಮೊದಲನೆಯ ಉಪಕುಲಪತಿಗಳಾದರು. 1970ರಲ್ಲಿ ಸರ್ಕಾರ ಬದಲಾಯಿತು. ಹೊಸ ಶಿಕ್ಷಣ ಸಚಿವೆ ಮಾರ್ಗರೆಟ್ ಥ್ಯಾಚರ್ ಅದನ್ನು ಮುಚ್ಚದೆ ಮುಂದುವರಿಯಲು ಬಿಟ್ಟರು. 1971ರ ಜನವರಿಯಲ್ಲಿ ಸುಮಾರು 24,000 ವಿದ್ಯಾರ್ಥಿಗಳೊಡನೆ ಪಾಠಗಳು ಆರಂಭವಾದುವು. ಆ ತಿಂಗಳಲ್ಲಿಯೇ ದೇಶದಲ್ಲೆಲ್ಲ ಅಂಚೆಯವರ ಮುಷ್ಕರ ಹೂಡಲ್ಪಟ್ಟು ಮಾರ್ಚಿಯವರೆಗೆ ನಡೆಯಿತು. ಅಂಚೆಯನ್ನೇ ನಂಬಿದ್ದ ವಿಶ್ವವಿದ್ಯಾಲಯವು ಹುಟ್ಟಿದೊಡನೆಯೇ ತನ್ನ ಪಾಠಗಳನ್ನು ಬೇರೆ ದಾರಿಗಳಿಂದ ಸಾಗಿಸಬೇಕಾಯಿತು.

ಹೊರಗಿನವರ ಕಣ್ಣಿಗೆ ಬಿದ್ದುದು ದೂರದರ್ಶನ. ಆದರೆ ಒಳಗಿನ ಏರ್ಪಾಡನ್ನು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ವಿದ್ಯಾರ್ಥಿಯು ವಾರದಲ್ಲಿ ಕಳೆಯುತ್ತಿದ್ದ ಅಧ್ಯಯನದ ವೇಳೆಯಲ್ಲಿ ಬಹುಪಾಲು ಓದುವುದಕ್ಕೂ ಬರೆಯುವುದಕ್ಕೂ ಮೀಸಲು. ಬಾನುಲಿ ದೂರದರ್ಶನಗಳಿಗೆ ಸಲ್ಲುತ್ತಿದ್ದುದು ಅದರ ಸಣ್ಣ ಭಾಗ. ವ್ಯವಸ್ಥೆಯ ಬೆನ್ನೆಲುಬಾಗಿದ್ದುದು ಮೂರು ಸಂಗತಿಗಳು.

ಮೊದಲನೆಯದು, ಪಾಠವನ್ನು ಕೂಡಿ ರಚಿಸುವ ಪದ್ಧತಿ. ಸಾಮಾನ್ಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನು ತನ್ನ ತರಗತಿಯಲ್ಲಿ ತಾನೇ ಅರಸು; ಅವನ ಪಾಠವನ್ನು ಇನ್ನೊಬ್ಬರು ನೋಡುವುದಿಲ್ಲ. ಇಲ್ಲಿ ಪ್ರತಿ ವಿಷಯಕ್ಕೂ ಒಂದು ತಂಡ. ಅದರಲ್ಲಿ ಹಲವರು ವಿದ್ವಾಂಸರು, ಬಿ. ಬಿ. ಸಿ.ಯ ನಿರ್ಮಾಪಕರು, ಸಂಪಾದಕರು, ಬೋಧನ ವಿಧಾನವನ್ನೇ ಅಭ್ಯಾಸ ಮಾಡಿದ ತಜ್ಞರು. ಒಬ್ಬರು ಬರೆದುದನ್ನು ಉಳಿದವರು ಓದಿ, ತಿದ್ದಿ, ಹರಿದು ಮತ್ತೆ ಬರೆಯಿಸುತ್ತಿದ್ದರು. ಈ ಹೊಸ ಕೆಲಸ ಪ್ರಾಧ್ಯಾಪಕರಿಗೆ ಹುಟ್ಟಿನಿಂದ ಬಾರದೆಂದು ತಿಳಿದು, ಅವರಿಗೆ ನೆರವಾಗಲೆಂದೇ ವಿಶ್ವವಿದ್ಯಾಲಯದೊಳಗೆ ಶಿಕ್ಷಣ ತಂತ್ರಜ್ಞಾನದ ಸಂಸ್ಥೆಯೊಂದನ್ನು ಸ್ಥಾಪಿಸಲಾಯಿತು. ಕಲಿಸುವವನಿಗೂ ಕಲಿಸುವವರು ಬೇಕೆಂಬುದನ್ನು ಉಚ್ಚ ಶಿಕ್ಷಣದಲ್ಲಿ ಹೀಗೆ ಬಹಿರಂಗವಾಗಿ ಒಪ್ಪಿಕೊಂಡುದು ಸಾಮಾನ್ಯ ಸಂಗತಿಯಲ್ಲ.

ಎರಡನೆಯದು, ಹತ್ತಿರದ ಬೋಧಕ. ದೇಶವನ್ನು ಪ್ರಾಂತ್ಯಗಳಾಗಿ ವಿಂಗಡಿಸಿ, ಊರೂರಿನಲ್ಲಿ ಅಧ್ಯಯನ ಕೇಂದ್ರಗಳನ್ನು ತೆರೆದರು. ಅವುಗಳಲ್ಲಿ ಹೆಚ್ಚಿನವು ಬೇರೆ ಕಾಲೇಜುಗಳಿಂದ ಸಂಜೆಯ ಹೊತ್ತಿಗೆ ಪಡೆದ ಕೊಠಡಿಗಳು. ಸಾವಿರಾರು ಮಂದಿ ಅರೆಕಾಲದ ಬೋಧಕರು ವಿದ್ಯಾರ್ಥಿಗಳು ಬರೆದು ಕಳುಹಿಸಿದ ಉತ್ತರಗಳನ್ನು ತಿದ್ದುತ್ತಿದ್ದರು. ಬರೀ ಅಂಕ ಹಾಕಿ ಕಳುಹಿಸುವಂತಿಲ್ಲ. ಎಲ್ಲಿ ತಪ್ಪಿತು, ಏಕೆ ತಪ್ಪಿತು, ಮುಂದೆ ಏನು ಓದಬೇಕು ಎಂದು ಬರೆಯಬೇಕು. ಹಾಗೆ ತಿದ್ದಿದ ಪ್ರತಿಗಳಲ್ಲಿ ಕೆಲವನ್ನು ಮೇಲಿನವರು ತರಿಸಿಕೊಂಡು, ತಿದ್ದಿದವರು ಸರಿಯಾಗಿ ತಿದ್ದಿದ್ದಾರೆಯೇ ಎಂದು ಪರಿಶೀಲಿಸುತ್ತಿದ್ದರು. ಗಣಕಯಂತ್ರ ತಿದ್ದುವ ಉತ್ತರಪತ್ರಿಕೆಗಳೂ ಆಗಲೇ ಇದ್ದುವು. ಆದರೆ ಮನುಷ್ಯನು ತಿದ್ದುವುದನ್ನು ಅವರು ಕೈಬಿಡಲಿಲ್ಲ.

ಮೂರನೆಯದು, ಕೈಯಿಂದ ಮಾಡಿ ಕಲಿಯುವುದು. ವಿಜ್ಞಾನದ ವಿದ್ಯಾರ್ಥಿಗಳಿಗೆ ಪ್ರಯೋಗ ಸಾಮಗ್ರಿಗಳ ಪೆಟ್ಟಿಗೆಯನ್ನು ಮನೆಗೇ ಕಳುಹಿಸಿಕೊಟ್ಟರು. ಅದರಲ್ಲಿ ಪುಟ್ಟ ಸೂಕ್ಷ್ಮದರ್ಶಕವೂ ಇರುತ್ತಿತ್ತು. ಅಡುಗೆಮನೆಯ ಮೇಜೇ ಪ್ರಯೋಗಶಾಲೆ. ಬೇಸಗೆಯಲ್ಲಿ ಒಂದು ವಾರ ಯಾವುದಾದರೊಂದು ವಿಶ್ವವಿದ್ಯಾಲಯದ ಆವರಣದಲ್ಲಿ ಎಲ್ಲರೂ ಕೂಡಿ ಕಲಿಯುತ್ತಿದ್ದರು.

ಈಗ ಮುಖ್ಯ ಮಾತಿಗೆ ಬರೋಣ. ಮೊದಮೊದಲು ಅನುಕೂಲವಾದ ವೇಳೆಯಲ್ಲಿ ಬರುತ್ತಿದ್ದ ದೂರದರ್ಶನ ಪಾಠಗಳು ಬರಬರುತ್ತ ನಟ್ಟಿರುಳಿಗೂ ನಸುಕಿಗೂ ಸರಿದುವು. 1980ರ ದಶಕದಲ್ಲಿ ವೀಡಿಯೋ ಕ್ಯಾಸೆಟ್ಟುಗಳು ಬಂದುವು. ಆಮೇಲೆ ಗಣಕಯಂತ್ರ, ಆಮೇಲೆ ಅಂತರ್ಜಾಲ. 2006ರ ಡಿಸೆಂಬರಿನಲ್ಲಿ ಬಿ. ಬಿ. ಸಿ.ಯಿಂದ ಕೊನೆಯ ಪಾಠ ಪ್ರಸಾರವಾಗಿ, ಪಾಠ ಪ್ರಸಾರದ ಆ ಅಧ್ಯಾಯ ಮುಗಿಯಿತು. ಯಾವ ‘ಗಾಳಿ’ಯ ಹೆಸರಿನಲ್ಲಿ ವಿಶ್ವವಿದ್ಯಾಲಯ ಹುಟ್ಟಿತೋ ಆ ಗಾಳಿಯೇ ಹೋಯಿತು, ವಿಶ್ವವಿದ್ಯಾಲಯ ನಿಂತಿತು. ಇಂದಿಗೂ ನಡೆಯುತ್ತಿದೆ, ಅಲ್ಲಿ ಕಲಿತವರ ಸಂಖ್ಯೆ ಇಪ್ಪತ್ತು ಲಕ್ಷವನ್ನು ಮೀರಿದೆ. ಹೋದುದು ಸಾಧನ, ನಿಂತುದು ಕೂಡಿ ಬರೆದ ಪಾಠ, ತಿದ್ದುವ ಕೈ, ಕೇಳಿದರೆ ಉತ್ತರ ಕೊಡುವ ಬೋಧಕ.

ಇದಕ್ಕೆ ಎದುರಾದ ಉದಾಹರಣೆಯೂ ಉಂಟು. 2012ರ ಸುಮಾರಿಗೆ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳು ತಮ್ಮ ಪಾಠಗಳನ್ನು ಅಂತರ್ಜಾಲದಲ್ಲಿ ಲೋಕಕ್ಕೆಲ್ಲ ತೆರೆದಿಟ್ಟುವು. ಲಕ್ಷಗಟ್ಟಲೆ ಜನ ಹೆಸರು ಬರೆಯಿಸಿದರು. ಹಾರ್ವರ್ಡ್ ಮತ್ತು ಎಂ. ಐ. ಟಿ. ನಡೆಸಿದ ಇಂತಹ ಪಾಠಗಳ ಲೆಕ್ಕವನ್ನು 2019ರಲ್ಲಿ ‘ಸೈನ್ಸ್’ ಪತ್ರಿಕೆ ಪ್ರಕಟಿಸಿತು: 2017-18ರಲ್ಲಿ ಸೇರಿದವರಲ್ಲಿ ಪಾಠವನ್ನು ಪೂರೈಸಿದವರು ನೂರಕ್ಕೆ ಸುಮಾರು ಮೂವರು ಮಾತ್ರ. ಪಾಠ ಉತ್ತಮ, ವಿದ್ವಾಂಸರು ಪ್ರಖ್ಯಾತರು, ಯಂತ್ರ ನಿರ್ದೋಷ. ಸೇರಿದವರಲ್ಲಿ ಕೆಲವರು ಬರೀ ಕುತೂಹಲದಿಂದ ಬಂದವರೆಂದು ಒಪ್ಪೋಣ. ಆದರೂ ನಡುದಾರಿಯಲ್ಲಿ ಎಡವಿದವನನ್ನು ಹೆಸರು ಹಿಡಿದು ಕರೆಯುವವರು ಅಲ್ಲಿ ಇರಲಿಲ್ಲವೆಂಬುದನ್ನು ಮರೆಯಲಾಗದು.

ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾಲಯವು 1962ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾಲಯವು 1969ರಲ್ಲಿ. ಈ ಎರಡನೆಯದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. 1975-76ರ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಸೇರಿದ್ದುವು. ಕರ್ನಾಟಕದಿಂದ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಆ ಉಪಗ್ರಹಕ್ಕೆ ಒಂದು ಚಿತ್ರದೊಡನೆ ಎರಡು ಧ್ವನಿಗಳನ್ನು ಸಾಗಿಸುವ ಶಕ್ತಿಯಿತ್ತು; ಗಡಿಯ ಎರಡು ಪಕ್ಕದ ಎರಡು ಭಾಷೆಗಳು ಒಂದೇ ಚಿತ್ರಕ್ಕೆ ಒದಗಬಹುದಾಗಿತ್ತು. ಮೊದಲನೆಯ ಮುಕ್ತ ವಿಶ್ವವಿದ್ಯಾಲಯ 1982ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾಯಿತು. ಅದರ ಮೊದಲ ಉಪಕುಲಪತಿ ಜಿ. ರಾಮರೆಡ್ಡಿಯವರೇ 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯಕ್ಕೂ ಮೊದಲ ಉಪಕುಲಪತಿಗಳಾದರು. ಅಧ್ಯಯನ ಕೇಂದ್ರ, ಸಲಹೆಗಾರ ಬೋಧಕ, ತಿದ್ದಿ ಹಿಂದಿರುಗಿಸುವ ಉತ್ತರ ಈ ಮೂರೂ ಇಲ್ಲಿಗೂ ಬಂದುವು. ಇದಕ್ಕೆ ಒಂದು ವರ್ಷ ಮೊದಲು, 1984ರ ಆಗಸ್ಟ್ 15ರಿಂದ, ವಿಶ್ವವಿದ್ಯಾಲಯ ಧನಸಹಾಯ ಆಯೋಗದ ‘ದೇಶವ್ಯಾಪಿ ತರಗತಿ’ ದೂರದರ್ಶನದಲ್ಲಿ ಮೊದಲಾಗಿತ್ತು. ಅದರ ಪಾಠಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿದ್ದುವು. ಸಣ್ಣ ಊರಿನ ವಿದ್ಯಾರ್ಥಿಯ ಮನೆಗೆ ಚಿತ್ರ ಬಂದರೂ, ಪಕ್ಕದಲ್ಲಿ ಕುಳಿತು ಅದನ್ನು ಬಿಡಿಸಿ ಹೇಳುವವರು ಬೇಕಾಗಿತ್ತು.

ಈಗ ನಮ್ಮ ಗಡಿನಾಡಿನ ಕಡೆಗೆ ನೋಡೋಣ. ಕಾಸರಗೋಡಿನಲ್ಲಿ, ತಾಳವಾಡಿಯಲ್ಲಿ, ಅಕ್ಕಲಕೋಟೆ ಜತ್ತಗಳಲ್ಲಿ, ಆದವಾನಿಯಲ್ಲಿ ಕನ್ನಡದಲ್ಲಿ ಓದಿದ ಮಕ್ಕಳು ಕಾಲೇಜಿಗೆ ಕಾಲಿಟ್ಟೊಡನೆ ಬೇರೆ ಭಾಷೆಯ ಪಾಠಕ್ಕೆ ತಲೆ ಕೊಡಬೇಕು. ಇಂದು ಕನ್ನಡದ ಪಾಠಗಳು ಅಂತರ್ಜಾಲದಲ್ಲಿ ಇಲ್ಲವೆನ್ನುವಂತಿಲ್ಲ. ಐ. ಐ. ಟಿ.ಗಳು ಸಿದ್ಧಪಡಿಸಿದ ಎಂಜಿನಿಯರಿಂಗ್ ಮತ್ತು ವಿಜ್ಞಾನದ ಪಾಠಗಳಲ್ಲಿಯೂ ಹಲವು ಕನ್ನಡಕ್ಕೆ ಬಂದಿವೆ. ಗಾಳಿಯಲ್ಲಿ ಬರುವ ಪಾಠಕ್ಕೆ ಗಡಿಯ ಕಲ್ಲು ಅಡ್ಡವಿಲ್ಲ. ಆದರೆ ಆಸರೆಗೆ ಅಡ್ಡವುಂಟು. ರಾಜ್ಯದ ಮುಕ್ತ ವಿಶ್ವವಿದ್ಯಾಲಯವು ತನ್ನ ರಾಜ್ಯದ ಎಲ್ಲೆಯ ಆಚೆಗೆ ಅಧ್ಯಯನ ಕೇಂದ್ರವನ್ನು ತೆರೆಯಕೂಡದೆಂಬುದು ಧನಸಹಾಯ ಆಯೋಗದ ನಿಯಮ. ಕೇಂದ್ರಗಳನ್ನು ಅಂಗಡಿಯಂತೆ ಹಂಚಿ ಪದವಿ ಮಾರುವುದನ್ನು ತಡೆಯಲು ಇಂತಹ ಕಟ್ಟುಪಾಡು ಬೇಕೆಂಬುದು ನ್ಯಾಯವೇ. ಆದರೆ ಅದರ ಹೊರೆ ಬಿದ್ದುದು ಅಂಗಡಿಯವರ ಮೇಲೆ ಮಾತ್ರವಲ್ಲ, ಎಲ್ಲೆಯ ಆಚೆ ಕುಳಿತು ಕನ್ನಡದಲ್ಲಿ ಓದಬಯಸುವ ಹುಡುಗ ಹುಡುಗಿಯರ ಮೇಲೂ ಬಿದ್ದಿದೆ.

ಮೇಲಿನ ಚರಿತ್ರೆ ನಮಗೊಂದು ದಾರಿ ತೋರಿಸುತ್ತದೆ. ಬ್ರಿಟನ್ನಿನ ಅಧ್ಯಯನ ಕೇಂದ್ರವೆಂದರೆ ಸಂಜೆಗೆ ಪಡೆದ ಒಂದು ಕೊಠಡಿ, ಅರೆಕಾಲದ ಒಬ್ಬ ಬೋಧಕ. ಇವೆರಡೂ ನಮ್ಮಲ್ಲಿ ಉಂಟು. ಪದವಿಯನ್ನು ಯಾವ ವಿಶ್ವವಿದ್ಯಾಲಯವಾದರೂ ಕೊಡಲಿ. ಹದಿನೈದು ದಿನಕ್ಕೊಮ್ಮೆ ಭಾನುವಾರ ನಮ್ಮ ಶಾಲೆಯ ಒಂದು ಕೊಠಡಿಯನ್ನು ತೆರೆದು, ಅಂತರ್ಜಾಲದ ಪಾಠವನ್ನು ವಿದ್ಯಾರ್ಥಿಗಳೊಡನೆ ಕುಳಿತು ನೋಡಿ, ಅವರು ಬರೆದುದನ್ನು ತಿದ್ದಿಕೊಡುವುದಕ್ಕೆ ಯಾವ ನಿಯಮವೂ ಅಡ್ಡಿಯಲ್ಲ. ಕೇಂದ್ರವೆಂಬ ಹಲಗೆ ಬೇಡ, ಮೊಹರು ಬೇಡ. ನಮ್ಮ ಸಂಘದಲ್ಲಿ ಸ್ನಾತಕೋತ್ತರ ಪದವಿ ಪಡೆದ ಉಪಾಧ್ಯಾಯರು, ನಿವೃತ್ತರು ಅನೇಕರಿದ್ದಾರೆ. ತಾಲ್ಲೂಕಿಗೊಂದು ಕೊಠಡಿ, ವಿಷಯಕ್ಕೊಬ್ಬರು ಉಪಾಧ್ಯಾಯರು ಎಂದು ಒಂದು ಪಟ್ಟಿಯನ್ನು ಸಿದ್ಧಪಡಿಸುವ ಕೆಲಸವನ್ನು ಸಂಘವು ಈ ವರ್ಷವೇ ಕೈಗೊಳ್ಳಬೇಕೆಂದು ಬಿನ್ನವಿಸುತ್ತೇನೆ.