ಎಚ್‌ಐವಿ ಮತ್ತು ಕೀನ್ಯಾದ ಮಹಿಳೆಯರು: ಆರೋಗ್ಯ, ಒಪ್ಪಿಗೆ, ಹಕ್ಕು

ನೈರೋಬಿಯ ಗಿಗಿರಿ ಬಡಾವಣೆಯಲ್ಲಿ ವಿಶ್ವಸಂಸ್ಥೆಯ ವಿಶಾಲವಾದ ಆವರಣವಿದೆ. ಜಾಗತಿಕ ನೀತಿಗಳ ಚರ್ಚೆ ನಡೆಯುವ ಇದೇ ನಗರದಲ್ಲಿ ಎಚ್‌ಐವಿ ಸೋಂಕಿತ ಮಹಿಳೆಯರು ತಮ್ಮ ದೇಹದ ಮೇಲಿನ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2018ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕೀನ್ಯಾದ 15ರಿಂದ 64 ವರ್ಷದ ಹೆಂಗಸರಲ್ಲಿ ಸೋಂಕು ಶೇ 6.6ರಷ್ಟಿತ್ತು, ಗಂಡಸರಲ್ಲಿ ಶೇ 3.1.

ಗರ್ಭಕೊರಳಿನ ಕ್ಯಾನ್ಸರ್

ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಮಾತ್ರೆ ತಪ್ಪದೆ ತೆಗೆದುಕೊಂಡರೆ ವೈರಸ್ ಹತೋಟಿಯಲ್ಲಿರುತ್ತದೆ. ಚಿಕಿತ್ಸೆಯೇ ಇಲ್ಲದಿದ್ದಾಗ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇ 15ರಿಂದ 45. ಸರಿಯಾದ ಚಿಕಿತ್ಸೆ ಸಿಕ್ಕರೆ ಅದು ಶೇ 5ಕ್ಕಿಂತ ಕೆಳಗಿಳಿಯುತ್ತದೆ. ಆದರೆ ಸೋಂಕಿತ ಮಹಿಳೆಯರಿಗೆ ಗರ್ಭಕೊರಳಿನ ಕ್ಯಾನ್ಸರ್ ಬರುವ ಅಪಾಯ ಉಳಿದವರಿಗಿಂತ ಸುಮಾರು ಆರು ಪಟ್ಟು ಹೆಚ್ಚು. ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸನ್ನು ಹೊರಹಾಕುವ ಶಕ್ತಿ ಅವರ ದೇಹಕ್ಕೆ ಕಡಿಮೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಇವರಿಗೆ 25ನೇ ವಯಸ್ಸಿನಿಂದಲೇ, 3ರಿಂದ 5 ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕೆನ್ನುತ್ತದೆ.

ಡೊಲುಟೆಗ್ರಾವಿರ್ ವಿವಾದ

ಅಡ್ಡಪರಿಣಾಮ ಕಡಿಮೆಯಿರುವ ಎಚ್‌ಐವಿ ಔಷಧ ಡೊಲುಟೆಗ್ರಾವಿರ್‌ನ ಜೆನೆರಿಕ್ ರೂಪ 2017ರಲ್ಲೇ ಕೀನ್ಯಾಕ್ಕೆ ಬಂದಿತ್ತು. 2018ರ ಮೇ ತಿಂಗಳಲ್ಲಿ ಬೋಟ್ಸ್‌ವಾನಾದಿಂದ ಆತಂಕದ ಸುದ್ದಿ ಹೊರಬಿತ್ತು: ಗರ್ಭ ನಿಲ್ಲುವಾಗ ಈ ಮಾತ್ರೆ ಸೇವಿಸುತ್ತಿದ್ದ ತಾಯಂದಿರ 426 ಹೆರಿಗೆಗಳಲ್ಲಿ 4 ಶಿಶುಗಳಿಗೆ ನರನಾಳದ (ಮೆದುಳು, ಬೆನ್ನುಹುರಿಯ ಬೆಳವಣಿಗೆಯ) ದೋಷವಿತ್ತು. ಎಚ್ಚರಿಕೆ ಬೇಕಿತ್ತು, ನಿಜ. ಆದರೆ ಕೀನ್ಯಾವೂ ಸೇರಿದಂತೆ ಹಲವು ದೇಶಗಳು ಹೆರುವ ವಯಸ್ಸಿನ ಮಹಿಳೆಯರನ್ನು ಹಳೆಯ ಎಫವಿರೆಂಜ್‌ಗೇ ಸೀಮಿತಗೊಳಿಸಿದವು. ತಲೆಸುತ್ತು, ದುಃಸ್ವಪ್ನ, ಖಿನ್ನತೆಯ ಕಾಟ ಅದರ ಜೊತೆಗೇ ಬರಬಹುದು. ಮಕ್ಕಳು ಬೇಡವೆಂದು ತೀರ್ಮಾನಿಸಿದವಳಿಗೂ ಇದೇ ಕಟ್ಟಳೆ! ಅವಳನ್ನು ಬರೀ ಹೆರುವ ದೇಹವಾಗಿ ಕಂಡ ನೀತಿಯಿದು.

ಆ ಜುಲೈನಲ್ಲಿ 18 ದೇಶಗಳ 39 ಸೋಂಕಿತ ಮಹಿಳೆಯರು ರುವಾಂಡಾದ ಕಿಗಾಲಿಯಲ್ಲಿ ಸೇರಿದರು. ಎಲ್ಲರಿಗೂ ಒಂದೇ ನಿರ್ಬಂಧ ಸರಿಯಲ್ಲ, ಅಪಾಯವನ್ನೂ ಲಾಭವನ್ನೂ ತಿಳಿಸಿ, ಆಯ್ಕೆಯನ್ನು ನಮಗೆ ಬಿಡಿ ಎಂದು ಒತ್ತಾಯಿಸಿದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಔಷಧವನ್ನು ಮಹಿಳೆಯರಿಗೂ ಶಿಫಾರಸು ಮಾಡಿತು. ಹೆಚ್ಚು ಹೆರಿಗೆಗಳ ಮಾಹಿತಿ ಸೇರುತ್ತ ಹೋದಂತೆ, ಈ ಔಷಧಕ್ಕೂ ಉಳಿದವಕ್ಕೂ ನಡುವೆ ಬೋಟ್ಸ್‌ವಾನಾದಲ್ಲಿ ಕಂಡಿದ್ದ ವ್ಯತ್ಯಾಸವೂ ಕರಗಿತು.

ಒಪ್ಪಿಗೆಯಿಲ್ಲದ ಸಂತಾನಹರಣ

ಸೋಂಕಿತ ಮಹಿಳೆಯರಿಗೆ ಸರಿಯಾಗಿ ತಿಳಿಸದೆ, ಒಪ್ಪಿಗೆ ಪಡೆಯದೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದ ಪ್ರಕರಣಗಳನ್ನು 2012ರಲ್ಲಿ ಆಫ್ರಿಕನ್ ಜೆಂಡರ್ ಅಂಡ್ ಮೀಡಿಯಾ ಇನಿಷಿಯೇಟಿವ್ ವರದಿಯೊಂದರಲ್ಲಿ ದಾಖಲಿಸಿತು. 2014ರಲ್ಲಿ, ಕೆಲಿನ್ ಎಂಬ ಕಾನೂನು ಸಂಸ್ಥೆಯ ನೆರವಿನಿಂದ, ಕೆಲವು ಮಹಿಳೆಯರು ನೈರೋಬಿಯ ಹೈಕೋರ್ಟ್‌ಗೆ ಹೋದರು. ನ್ಯಾಯ ಸಿಕ್ಕಿದ್ದು 2022ರಲ್ಲಿ: ಹಕ್ಕು ಉಲ್ಲಂಘನೆಯಾಗಿದೆ ಎಂದ ಕೋರ್ಟ್ ಪರಿಹಾರ ಕೊಡಲು ಆದೇಶಿಸಿತು. ಕಳೆದುಹೋದ ಎಂಟು ವರ್ಷಕ್ಕೆ ಯಾವ ಪರಿಹಾರವೂ ಸಾಲದು.

ಕಾನೂನು

ಕೀನ್ಯಾದ 2006ರ ಎಚ್‌ಐವಿ ಕಾಯ್ದೆಯ 24ನೇ ಸೆಕ್ಷನ್ ಸೋಂಕು ಹರಡುವುದನ್ನು ಅಪರಾಧವಾಗಿಸಿತ್ತು. ಬಸುರಿನ ತಪಾಸಣೆಯಲ್ಲೇ ಸೋಂಕು ಪತ್ತೆಯಾಗುವುದರಿಂದ ಮನೆಯಲ್ಲಿ ಮೊದಲು ಗೊತ್ತಾಗುವುದು ಹೆಚ್ಚಾಗಿ ಹೆಂಡತಿಗೆ, ಆರೋಪವೂ ಅವಳ ಮೇಲೇ ಬರುವ ಭಯವಿತ್ತು. 2015ರಲ್ಲಿ ಹೈಕೋರ್ಟ್ ಅದನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು.

ಕೀನ್ಯಾದ ಮಹಿಳೆಯರು ಕೋರ್ಟಿನಲ್ಲಿ ಕೇಳಿದ ಒಪ್ಪಿಗೆಯ ಹಕ್ಕನ್ನು ನಮ್ಮಲ್ಲಿ ಕಾಯ್ದೆಯೇ ಹೇಳುತ್ತದೆ. ಭಾರತದ 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸೋಂಕಿತ ಗರ್ಭಿಣಿಗೆ ಅವಳು ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಸಂತಾನಹರಣವನ್ನಾಗಲಿ ಗರ್ಭಪಾತವನ್ನಾಗಲಿ ಮಾಡುವಂತಿಲ್ಲ. ದೂರು ಕೇಳಲು ರಾಜ್ಯ ಸರ್ಕಾರಗಳು ಓಂಬುಡ್ಸ್‌ಮನ್ ನೇಮಿಸಬೇಕೆಂದೂ ಕಾಯ್ದೆ ಹೇಳುತ್ತದೆ.