ತೆಂಗಿನಕಾಯಿಗೆ ಗುರಿಯಿಡುವ ಹಕ್ಕು

ಯೂಟ್ಯೂಬಿನಲ್ಲಿ ಒಂದು ಜಾತಿಯ ವಿಡಿಯೋಗಳಿವೆ. ಅಮೆರಿಕದ ಯಾವುದೋ ಹೊಲ. ಮೇಜಿನ ಮೇಲೆ ನೂರು ವರ್ಷ ಹಳೆಯ ರಿವಾಲ್ವರುಗಳು ಸಾಲಾಗಿ ಮಲಗಿರುತ್ತವೆ. ಒಬ್ಬ ನಡುವಯಸ್ಸಿನ ಮನುಷ್ಯ ಒಂದೊಂದನ್ನೇ ಎತ್ತಿಕೊಂಡು, ಅದರ ಜಾತಕ ಹೇಳಿ, ಗುಂಡು ತುಂಬಿ, ದೂರದ ಕಬ್ಬಿಣದ ತಟ್ಟೆಗೆ ಹೊಡೆಯುತ್ತಾನೆ. ಠಣ್ ಅಂತ ಸದ್ದಾಗುತ್ತದೆ, ಆತ ನಗುತ್ತಾನೆ. ಅಜ್ಜನ ಕಾಲದ ರಿವಾಲ್ವರ್ ತಗೊಂಡು ಒಂದು ದಿನ ಗುರಿ ಹೊಡೆಯಲು ಹೋಗೋದು ಅವರಿಗೆ ನಮ್ಮ ಭಾನುವಾರದ ಕ್ರಿಕೆಟ್ ಇದ್ದ ಹಾಗೆ.

ನಮ್ಮಲ್ಲಿ ಹೀಗೆ ಯಾಕಿಲ್ಲ? "ಲೈಸೆನ್ಸ್ ಸಿಗಲ್ಲ ಗುರು" ಅನ್ನೋದು ಸಿದ್ಧ ಉತ್ತರ. ಸರಿ, ಆದರೆ ಅದು ಅರ್ಧ ಉತ್ತರ. ಯಾಕೆ ಸಿಗಲ್ಲ, ಯಾರಿಗೆ ಸಿಗುತ್ತೆ, ಈ ನಿಯಮ ಶುರುವಾಗಿದ್ದು ಎಲ್ಲಿಂದ ಅಂತ ಹುಡುಕುತ್ತಾ ಹೋದರೆ ದಾರಿ ಸೀದಾ ನಮ್ಮ ಉತ್ತರ ಕರ್ನಾಟಕದ ಎರಡು ಊರುಗಳಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಕೊಡಗಿಗೂ ಹೋಗುತ್ತದೆ.

ಮೊದಲು ಯಂತ್ರದ ವಿಷಯ ಸ್ವಲ್ಪ ನೋಡೋಣ. ಹಳೆಯ ಕೋವಿಯಲ್ಲಿ ಒಂದು ಈಡು ಹೊಡೆದ ಮೇಲೆ ಮತ್ತೆ ಮದ್ದು ಸುರಿಯಬೇಕು, ಗುಂಡು ಹಾಕಬೇಕು, ಗಜದಿಂದ ಜಡಿಯಬೇಕು, ಕಿವಿಗೆ ಮದ್ದು ಇಟ್ಟು ಬತ್ತಿ ಮುಟ್ಟಿಸಬೇಕು. ಅಷ್ಟರಲ್ಲಿ ಹಂದಿ ಇರಲಿ, ಮನುಷ್ಯನೂ ಊರು ದಾಟಿರುತ್ತಾನೆ. ಅಮೆರಿಕದ ಸ್ಯಾಮ್ಯುಯಲ್ ಕೋಲ್ಟ್ 1836ರಲ್ಲಿ ತನ್ನ ದೇಶದ ಪೇಟೆಂಟ್ ಪಡೆದ ರಿವಾಲ್ವರಿನಲ್ಲಿ ಈ ಕಾಯುವ ಹೊತ್ತೇ ಇಲ್ಲ. ಗುಂಡು ತುಂಬಿದ ಕೋಣೆಗಳಿರುವ ಒಂದು ಉರುಳೆ, ಕೊಡತಿ ಎಳೆದಾಗೊಮ್ಮೆ ತಿರುಗಿ ಮುಂದಿನ ಕೋಣೆಯನ್ನು ನಳಿಗೆಯ ನೇರಕ್ಕೆ ತರುತ್ತದೆ. ಕೋಲ್ಟಿನಲ್ಲಿ ಪ್ರತಿ ಸಲ ಹೆಬ್ಬೆರಳಿನಿಂದ ಕೊಡತಿ ಎಳೆಯಬೇಕಿತ್ತು. ಇಂಗ್ಲೆಂಡಿನ ರಾಬರ್ಟ್ ಆಡಮ್ಸ್ ತನ್ನ ಐದು ಗುಂಡಿನ ರಿವಾಲ್ವರಿನಲ್ಲಿ ಆ ಕೆಲಸವನ್ನೂ ಕುದುರೆಗೇ ಕೊಟ್ಟ: ಬೆರಳು ಒತ್ತಿದರೆ ಸಾಕು, ಉರುಳೆಯೂ ತಿರುಗುತ್ತದೆ, ಗುಂಡೂ ಹಾರುತ್ತದೆ. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಇಬ್ಬರೂ ತಮ್ಮ ತಮ್ಮ ಸರಕು ಇಟ್ಟಿದ್ದರು. ಆರೇ ವರ್ಷದಲ್ಲಿ, 1857ರ ಹೊತ್ತಿಗೆ, ಹಿಂದುಸ್ತಾನದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿ ಇಂಥ ರಿವಾಲ್ವರುಗಳಿದ್ದವು. ಎದುರಿಗಿದ್ದವರಲ್ಲಿ ಅನೇಕರ ಕೈಯಲ್ಲಿ ಇದ್ದದ್ದು ಬತ್ತಿಯ ಕೋವಿ, ಕತ್ತಿ, ಈಟಿ.

ಈ ಅಂತರವೂ ಸಾಲದು ಅನ್ನಿಸಿತು ಸರ್ಕಾರಕ್ಕೆ. ಉತ್ತರದಲ್ಲಿ ದಂಗೆ ಎದ್ದ ಅದೇ 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯ್ದೆ ಬಂತು. ಆಯುಧ ಇಟ್ಟುಕೊಂಡವರು ಸರ್ಕಾರಕ್ಕೆ ತೋರಿಸಬೇಕು, ಅನುಮತಿ ಪಡೆಯಬೇಕು, ಇಲ್ಲದಿದ್ದರೆ ಒಪ್ಪಿಸಬೇಕು. ದಿಲ್ಲಿ, ಲಖನೌದ ಬೆಂಕಿಗೆ ಹೆದರಿ ಮಾಡಿದ ಕಾಯ್ದೆ, ನಮ್ಮ ಮುಧೋಳದ ಹತ್ತಿರದ ಹಲಗಲಿ ಅನ್ನೋ ಹಳ್ಳಿಗೂ ಬಂತು.

ಹಲಗಲಿಯ ಬೇಡರನ್ನು ನಾವೆಲ್ಲ ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿ ಓದಿದ್ದೇವೆ. ಜಡಗ, ಬಾಲ, ಹನುಮ, ರಾಮ ಅನ್ನೋ ಹೆಸರುಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಆಮೇಲೆ ಬಿಟ್ಟುಬಿಟ್ಟೆವು. ಆ ಲಾವಣಿ ಉಳಿದದ್ದೂ ಒಂದು ವಿಚಿತ್ರ. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಅನ್ನೋ ಬ್ರಿಟಿಷ್ ಅಧಿಕಾರಿ. ಬೇಡರಿಗೆ ಆಯುಧ ಅಂದರೆ ಹವ್ಯಾಸ ಅಲ್ಲ, ಬದುಕು. ಬೇಟೆ ಅವರ ಕಸುಬು, ದಂಡಿನ ಚಾಕರಿ ಅವರ ಕುಲದ ಹೆಮ್ಮೆ. ಇವತ್ತು ನಮ್ಮ ನಿಮ್ಮ ಲ್ಯಾಪ್‌ಟಾಪ್ ಕಸಿದುಕೊಂಡು "ಇನ್ನು ಮೇಲೆ ಅನುಮತಿ ಇದ್ದವರಿಗೆ ಮಾತ್ರ ಕೀಬೋರ್ಡ್" ಅಂದರೆ ಹೇಗಿರುತ್ತದೋ ಹಾಗೆ. ಆದರೆ ಈ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ, ಯಾಕೆಂದರೆ ನಮಗೆ ಹೋಗೋದು ಬರೀ ನೌಕರಿ.

ಬೇಡರು ಆಯುಧ ಕೊಡುವುದಿಲ್ಲ ಅಂದರು. 1857ರ ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಮ್‌ನ ದಂಡು ರಾತ್ರೋರಾತ್ರಿ ಊರನ್ನು ಸುತ್ತುವರಿಯಿತು. ಮನೆಗಳಿಗೆ ಬೆಂಕಿ ಬಿತ್ತು. ಹೋರಾಟದಲ್ಲಿ ಸತ್ತವರ ಮೇಲೆ ಮತ್ತೆ 19 ಜನರನ್ನು ಗಲ್ಲಿಗೇರಿಸಿದರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನ, ಡಿಸೆಂಬರ್ 14ರಂದು ಹಲಗಲಿಯಲ್ಲೇ 6 ಜನ. ಉಳಿದವರು ನೋಡಲಿ, ಪಾಠ ಕಲೀಲಿ ಅಂತ.

ಆರು ತಿಂಗಳಾದ ಮೇಲೆ ಎರಡನೆಯ ಊರು, ನರಗುಂದ. ಅಲ್ಲಿನ ಬಾಬಾಸಾಹೇಬರಿಗೆ ದತ್ತು ತಗೊಳ್ಳಲು ಸರ್ಕಾರ ಬಿಡಲಿಲ್ಲ, ಅದು ಮೊದಲ ಗಾಯ. ಆಯುಧ ಒಪ್ಪಿಸು ಅನ್ನೋ ಒತ್ತಾಯ ಎರಡನೆಯದು. 1858ರ ಮೇ 29ರ ರಾತ್ರಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ದಾರಿಯಲ್ಲಿ ಸುರೇಬಾನದಲ್ಲಿ ತಂಗಿದ್ದಾಗ ನರಗುಂದದವರು ಮುತ್ತಿಗೆ ಹಾಕಿದರು. ನಿದ್ದೆಯಿಂದ ಎದ್ದ ಮ್ಯಾನ್ಸನ್ ರಿವಾಲ್ವರ್ ತೆಗೆದು ಹೊಡೆದ. ಎದುರಾಳಿಗಳಲ್ಲಿ ಒಬ್ಬನಿಗೆ ಗಾಯವಾಯಿತು. ಆದರೆ ಬಂದವರು ಬಹಳ ಜನ. ಅವನ ತಲೆ ನರಗುಂದಕ್ಕೆ ಹೋಯಿತು. ಕೆಲವೇ ದಿನಗಳಲ್ಲಿ ನರಗುಂದ ಬಿತ್ತು. ಬಾಬಾಸಾಹೇಬರನ್ನು ಹಿಡಿದು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ರಿವಾಲ್ವರಿನ ಇತಿಹಾಸ ಅಂದರೆ ನಾವು ಕೌಬಾಯ್ ಸಿನಿಮಾ ನೆನಪು ಮಾಡಿಕೊಳ್ಳುತ್ತೇವೆ. ಆದರೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಮಧ್ಯಾಹ್ನದೊಳಗೆ ಮುಟ್ಟಬಹುದಾದ ಸುರೇಬಾನದಲ್ಲೂ ಅದು ಸದ್ದು ಮಾಡಿದೆ. ಆ ರಾತ್ರಿ ಐದಾರು ಗುಂಡಿನ ಯಂತ್ರ ಇದ್ದದ್ದು ಆಯುಧ ಒಪ್ಪಿಸಿ ಅಂತ ಹೇಳುವವನ ಕೈಯಲ್ಲಿ.

ನಮ್ಮ ಊರ ಕಡೆಗೂ ಇದರ ಬಿಸಿ ತಟ್ಟಿತ್ತು. ನಮ್ಮೂರು ಇಂದೂರ. ಮಧ್ಯಪ್ರದೇಶದ್ದಲ್ಲ, ಮುಂಡಗೋಡ ತಾಲೂಕಿನದು. ನಮ್ಮ ಜಿಲ್ಲೆಯ ಪಶ್ಚಿಮದ ತುದಿಯಲ್ಲಿ, ಗೋವಾ ಗಡಿಯ ಸೂಪಾ ಕಾಡಿನಲ್ಲಿ, 1858-59ರಲ್ಲಿ ಸಾವಂತವಾಡಿ ಕಡೆಯ ಬಂಡಾಯಗಾರರು ಅಡಗಿ ಹೋರಾಡಿದರು. ಅವರ ಜೊತೆ ಸಿದ್ದಿಗಳೂ ಇದ್ದರು. ಆ ಹಳೆಯ ಸೂಪಾ ಊರು ಈಗ ಕಾಳಿ ನದಿಯ ಅಣೆಕಟ್ಟಿನ ನೀರಿನಡಿ ಇದೆ, ತಾಲೂಕಿನ ಕಚೇರಿ ಜೋಯಿಡಾಕ್ಕೆ ಬಂದಿದೆ. ನೀರು ಇಳಿದಾಗ ದಾಂಡೇಲಿಗೆ ರಾಫ್ಟಿಂಗಿಗೆ ಬರುವ ನಮ್ಮ ಬೆಂಗಳೂರಿನ ಗೆಳೆಯರಿಗೆ ಇದನ್ನು ಹೇಳಿದರೆ "ಹೌದಾ?" ಅಂತಾರೆ, ಆಮೇಲೆ ಲೈಫ್ ಜಾಕೆಟ್ ಹಾಕಿಕೊಳ್ತಾರೆ.

ಈಗ ಕೊಡಗಿಗೆ ಹೋಗೋಣ. ಇಲ್ಲಿ ಕಥೆ ಪೂರ್ತಿ ತಿರುಗುತ್ತದೆ.

ಕೊಡಗಿನಲ್ಲಿ ಕೋವಿಗೆ ಪೂಜೆ ಇದೆ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬಕ್ಕೆ ನಾಟಿ ಕೆಲಸ ಮುಗಿದಿರುತ್ತದೆ. ಬದಿಗಿಟ್ಟ ಆಯುಧಗಳನ್ನು ತೊಳೆದು ಒರೆಸಿ ಸಾಲಾಗಿ ಇಟ್ಟು, ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ನಮ್ಮ ಬೇಲಿಯಲ್ಲೂ ಮಳೆಗಾಲದಲ್ಲಿ ಬೆಂಕಿಯ ನಾಲಿಗೆ ಹಾಗೆ ಅರಳುವ ಅಗ್ನಿಶಿಖೆ ಹೂವು ಅದು. ಅವರ ಭಾಷೆಯಲ್ಲಿ ತೋಕ್ ಅಂದರೆ ಕೋವಿ, ಹೂವಿಗೇ ಕೋವಿಯ ಹೆಸರು. ಪೂಜೆ ಆದ ಮೇಲೆ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಪಂದ್ಯ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಎರಡು. ಪುತ್ತರಿಯಲ್ಲಿ ಕದಿರು ಕೊಯ್ಯುವ ಮುಂಚೆಯೂ ಒಂದು. ಡಿಸೆಂಬರಿನಲ್ಲಿ ಕೊಡವ ನ್ಯಾಷನಲ್ ಕೌನ್ಸಿಲ್ ನಡೆಸುವ ತೋಕ್ ನಮ್ಮೆಯಲ್ಲಿ ಸೀರೆ ಉಟ್ಟ ಅಜ್ಜಿಯರೂ ಭುಜಕ್ಕೆ ಕೋವಿ ಕೊಟ್ಟು ಒಂದು ಕಣ್ಣು ಮುಚ್ಚುತ್ತಾರೆ. ಯೂಟ್ಯೂಬಿನ ಆ ಅಮೆರಿಕದವನ ಭಾನುವಾರಕ್ಕೆ ನಮ್ಮ ರಾಜ್ಯದಲ್ಲಿ ಅತಿ ಹತ್ತಿರದ್ದು ಏನಾದರೂ ಇದ್ದರೆ ಇದೇ. ನಿಜ ಹೇಳಬೇಕೆಂದರೆ ಅದಕ್ಕಿಂತ ಬಹಳ ಆಳವಾದದ್ದು.

ಇದು ಉಳಿದದ್ದು ಹೇಗೆ? 1861ರಲ್ಲಿ ಮಾರ್ಕ್ ಕಬ್ಬನ್ ಹೊರಡಿಸಿದ ಒಂದು ಆದೇಶದಿಂದ. ನಾವು ವಾಕಿಂಗ್ ಹೋಗುವ ಪಾರ್ಕಿಗೆ ಹೆಸರಾದ ಅದೇ ಕಬ್ಬನ್. ಕೊಡಗಿನವರ ನಿಷ್ಠೆ ಮತ್ತು ಶೌರ್ಯವನ್ನು, ಸರ್ಕಾರಕ್ಕೆ ಅವರು ಮಾಡಿದ ಸಹಾಯವನ್ನು ನೆನೆದು, ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ಅವರಿಗೆ ವಿನಾಯಿತಿ ಕೊಟ್ಟ. ಸಹಾಯ ಅಂದರೆ ಯಾವುದು? 1837ರಲ್ಲಿ ಸುಳ್ಯ, ಪುತ್ತೂರು, ಮಂಗಳೂರಿನ ಕಡೆ ರೈತರ ದಂಗೆ ಎದ್ದಾಗ ಕೊಡಗಿನ ಮುಖಂಡರು ಬ್ರಿಟಿಷರ ಜೊತೆ ನಿಂತಿದ್ದರು. ಅದಕ್ಕೆ ಪದಕಗಳೂ ಸಿಕ್ಕಿದ್ದವು.

ಅಂದರೆ ಲೆಕ್ಕ ಇಷ್ಟು. ಒಂದೇ ಕಾಯ್ದೆ. ಹಲಗಲಿಯಲ್ಲಿ ಅದಕ್ಕೆ 19 ಕುಣಿಕೆ, ಕೊಡಗಿನಲ್ಲಿ ಒಂದು ಮೆಚ್ಚುಗೆ ಪತ್ರ. ಬೇಟೆ ಎರಡೂ ಕಡೆ ಇತ್ತು, ದಂಡಿನ ಹೆಮ್ಮೆಯೂ ಎರಡೂ ಕಡೆ ಇತ್ತು. ವ್ಯತ್ಯಾಸ ಆಯುಧದಲ್ಲಿ ಇರಲಿಲ್ಲ. ಯಾರನ್ನು ನಂಬಬಹುದು ಅಂತ ಸರ್ಕಾರ ಹಾಕಿಕೊಂಡ ಪಟ್ಟಿಯಲ್ಲಿ ಇತ್ತು.

ಇದನ್ನು ಕೊಡವರ ಮೇಲಿನ ದೂರು ಅಂತ ಓದಬೇಡಿ. ಆ ಕಾಗದ ಅವರ ಸಂಸ್ಕೃತಿಯನ್ನು ಹುಟ್ಟಿಸಲಿಲ್ಲ, ಅಲ್ಲಿ ಮೊದಲೇ ಇದ್ದದ್ದನ್ನು ಕಿತ್ತುಕೊಳ್ಳದೆ ಬಿಟ್ಟಿತು ಅಷ್ಟೇ. ನನಗೆ ಕಾಡೋದು ಉಲ್ಟಾ ಪ್ರಶ್ನೆ. ಹಲಗಲಿಗೂ ಅಂಥದೊಂದು ಕಾಗದ ಬಂದಿದ್ದರೆ, ಬೇಡರ ಮನೆಯ ಆಯುಧಪೂಜೆಗೂ ಹೊರಗಿನವರು ಕ್ಯಾಮೆರಾ ಹಿಡಿದು ಹೋಗುತ್ತಿದ್ದರೋ ಏನೋ. ಈಗ ಮಹಾನವಮಿಗೆ ನಾವು ಕುಡುಗೋಲು, ಟ್ರ್ಯಾಕ್ಟರು, ಆಫೀಸಿನಲ್ಲಿ ಸರ್ವರ್ ರೂಮಿನ ಬಾಗಿಲಿಗೆ ಕುಂಕುಮ ಹಚ್ಚುತ್ತೇವೆ. ಪೂಜೆ ಉಳಿದಿದೆ, ಆಯುಧ ಹೋಗಿದೆ.

ಆಮೇಲಿನ ಕಥೆಯನ್ನು ಬೇಗ ಹೇಳಿಬಿಡ್ತೀನಿ. 1878ರಲ್ಲಿ ಲಿಟ್ಟನ್ ಕಾಲದ ಆಯುಧ ಕಾಯ್ದೆ ಇದನ್ನೇ ಇಡೀ ದೇಶಕ್ಕೆ ಕಾಯಂ ಮಾಡಿತು: ಭಾರತೀಯರಿಗೆ ಲೈಸೆನ್ಸ್, ಯುರೋಪಿಯನ್ನರಿಗೆ ವಿನಾಯಿತಿ. ಅಹಿಂಸೆಯ ಗಾಂಧೀಜಿ ಕೂಡ ಈ ಕಾಯ್ದೆಯನ್ನು ಬ್ರಿಟಿಷರ ದೊಡ್ಡ ಅಪರಾಧಗಳಲ್ಲಿ ಒಂದು ಅಂತ 1918ರಲ್ಲಿ ಬರೆದರು. 1931ರ ಕರಾಚಿ ಕಾಂಗ್ರೆಸ್ ತನ್ನ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನೂ ಸೇರಿಸಿತ್ತು. ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದಲ್ಲಿ ಅದು ಬರಲಿಲ್ಲ, 1959ರಲ್ಲಿ ಹೊಸ ಕಾಯ್ದೆ ಬಂತು. ಜನಾಂಗದ ಭೇದ ಹೋಯಿತು, ಲೈಸೆನ್ಸ್ ಉಳಿಯಿತು.

ರಿವಾಲ್ವರ್ ಕಥೆಯೂ ಅದೇ ಸಾಲಿನದು. ಬ್ರಿಟಿಷ್ ಸೇನೆ 1887ರಲ್ಲಿ ತಗೊಂಡ ವೆಬ್ಲಿ ರಿವಾಲ್ವರ್ ಎರಡು ಮಹಾಯುದ್ಧ ನೋಡಿತು. ಅದನ್ನು ಸೊಂಟ ಮುರಿದ ಹಾಗೆ ಮಡಿಸಿದರೆ ಆರೂ ಖಾಲಿ ತೋಟಾಗಳು ಒಟ್ಟಿಗೆ ಹೊರಗೆ ಜಿಗಿಯುತ್ತವೆ. ಅದರದೇ ಸಣ್ಣ ತಮ್ಮ ಮಾರ್ಕ್ 4ರ ಅಚ್ಚಿನಲ್ಲಿ ಸ್ವತಂತ್ರ ಭಾರತದ ಆರ್ಡ್‌ನೆನ್ಸ್ ಫ್ಯಾಕ್ಟರಿ ಕಾನ್ಪುರದಲ್ಲಿ .32 ಬೋರಿನ ರಿವಾಲ್ವರ್ ಮಾಡಿತು. .32 ಯಾಕೆ? ಸೇನೆ ಬಳಸುವ ದೊಡ್ಡ ಬೋರುಗಳು ಸಾಮಾನ್ಯರಿಗೆ ನಿಷಿದ್ಧ. ಅಜ್ಜನ ವೆಬ್ಲಿ ಯಾರದಾದರೂ ಮನೆಯಲ್ಲಿದ್ದರೂ, ರಿಪೇರಿ ಮಾಡಿದರೂ ಗುಂಡು ಹಾರದ ಹಳೇ ಕಬ್ಬಿಣ ಆಗಿದ್ದರೆ ಮಾತ್ರ ಕಾಯ್ದೆ ಅದನ್ನು ಬಿಡುತ್ತದೆ. ಹಾರುತ್ತದೆ ಅಂದರೆ ಎಷ್ಟು ಹಳೆಯದಾದರೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಆಯುಧ, ಮೊದಲು ಮೂರಿತ್ತು. ನಗರದವರಿಗೆ ಗುರಿ ಹೊಡೆಯುವ ಆಸೆ ಇದ್ದರೆ ಏರ್ ಪಿಸ್ತೂಲ್ ಇದೆ. .177 ಬೋರು, 20 ಜೂಲ್ ಒಳಗಿನ ಶಕ್ತಿ, ಲೈಸೆನ್ಸ್ ಬೇಡ, 10 ಮೀಟರ್ ದೂರದ ಕಾಗದ. ಶನಿವಾರ ಹೋಗಿ ನೋಡಿ, ಉಸಿರು ಹಿಡಿಯೋದು ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ.

ಕೊಡಗಿನ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಅಂತ ಕಾಲಮಿತಿ ಹಾಕಿ ವಿಸ್ತರಿಸಿತು. ಇದು ತಾರತಮ್ಯ ಅಂತ ಕೋರ್ಟಿಗೆ ಹೋದದ್ದೂ ಆಯಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು.

ಮನೆಗೊಂದು ಬಂದೂಕು ಬೇಕು ಅನ್ನೋ ವಾದ ನನ್ನದಲ್ಲ. ಮದುವೆ ಮೆರವಣಿಗೆಯಲ್ಲಿ ಹಾರಿಸಿದ ಗುಂಡು ಯಾರದೋ ಮಗುವಿಗೆ ಬಡಿಯುವ ದೇಶ ನಮ್ಮದು. ಕಾಡಂಚಿನಲ್ಲಿ ಬೆಳೆ ಕಾಯುವ ಹೆಸರಿನ ಕೋವಿ ಕಡವೆಯನ್ನೂ ಕೊಲ್ಲುತ್ತದೆ, ಅದೂ ಗೊತ್ತು. ನಿಯಂತ್ರಣ ಬೇಕು. ಆದರೆ ನಂಬಿಕೆಯ ಹಳೇ ಪಟ್ಟಿ ಇನ್ನೂ ಕೆಲಸ ಮಾಡುತ್ತಿದೆ ಅನ್ನೋದು ಊರಿಗೆ ಹೋದಾಗಲೆಲ್ಲ ಕಾಣುತ್ತದೆ. 1959ರ ಕಾಯ್ದೆಯಲ್ಲೇ ರೈತನಿಗೊಂದು ಜಾಗ ಇದೆ: ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಬೇಕು ಅಂತ. ನಮ್ಮ ಕಡೆ ಕೇಪಿನ ಕೋವಿ ಅಂತಾರಲ್ಲ, ಅದೇ. ಹಂದಿ ಬಂದಾಗ ಒಂದು ಸದ್ದು, ದಾಂಡೇಲಿ ಕಡೆಯಿಂದ ಆನೆ ಹಿಂಡು ಗದ್ದೆಗೆ ಇಳಿದಾಗ ಇನ್ನೊಂದು ಸದ್ದು. ಕೋವಿಯ ಕೆಲಸ ಬಹುಮಟ್ಟಿಗೆ ಅಷ್ಟೇ.

ಚುನಾವಣೆ ಘೋಷಣೆ ಆದ ಕೂಡಲೇ ಆ ಕೋವಿ ಠಾಣೆಗೆ ಹೋಗಬೇಕು. ಪಂಚಾಯ್ತಿ, ವಿಧಾನಸಭೆ, ಲೋಕಸಭೆ, ಯಾವುದಾದರೂ ಸರಿ. ಜೀವಮಾನದಲ್ಲಿ ಒಂದು ಜಗಳಕ್ಕೂ ಹೋಗದ ಅರವತ್ತರ ಮುದುಕ ಗೋಣಿಚೀಲದಲ್ಲಿ ಕೋವಿ ಸುತ್ತಿಕೊಂಡು, ಬಸ್ಸಿನಲ್ಲಿ ಕಾಲ ಸಂದಿ ಇಟ್ಟುಕೊಂಡು ಹೋಗಿ, ಸಾಲಿನಲ್ಲಿ ನಿಂತು, ಜಮಾ ಮಾಡಿ, ಚೀಟಿ ತಗೊಂಡು ಬರುತ್ತಾನೆ. ವೋಟು ಎಣಿಸೋವರೆಗೆ ಹಂದಿಗಳಿಗೆ ನೀತಿಸಂಹಿತೆ ಅನ್ವಯಿಸೋದಿಲ್ಲ. ಆ ಮುದುಕನಿಗೆ ಹಲಗಲಿಯೂ ಗೊತ್ತಿಲ್ಲ, ಕಬ್ಬನ್ ಸಾಹೇಬನೂ ಗೊತ್ತಿಲ್ಲ. "ಪ್ರತಿ ಸಲ ಇದೊಂದು ಕೆಲಸ ನೋಡು" ಅಂತಾನೆ, ಚೀಟಿ ಮಡಿಚಿ ಅಂಗಿಯ ಒಳಜೇಬಿಗೆ ಇಡ್ತಾನೆ.